ಪಿಎಸ್ ಆಜ್ಞೆಯಲ್ಲಿ ಎಸ್‌ಎಂಎಸ್ ಕೀ ಕಾಣಿಸಿತು: ಮೂವರು ಬಳಸುವ ಸರ್ವರ್‌ನಲ್ಲಿ ಗುಟ್ಟುಗಳನ್ನು ಟರ್ಮಿನಲ್‌ನಿಂದಲೇ ಕಾಪಾಡುವುದು ಹೇಗೆ?

ಲಕ್ಷ್ಮಣತೀರ್ಥ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪಲಿನಲ್ಲಿ ಬೆಳೆಗಾರರ ಸಣ್ಣ ಸಂಘವೊಂದರ ಅಪ್ಲಿಕೇಶನ್ ಅನ್ನು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸದಸ್ಯರು ತಂದ ಚೆರ್ರಿ ಕಾಫಿಯ ತೂಕ, ಒ.ಟಿ. (50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಕ್ಲೀನ್ ಕಾಫಿ ಇಳಿಯುತ್ತದೆ ಎಂಬ ಲೆಕ್ಕ) ಮತ್ತು ಆ ದಿನದ ದರವನ್ನು ದಾಖಲಿಸಿಕೊಂಡು, ಸಲ್ಲಬೇಕಾದ ಮೊತ್ತವನ್ನು ಬೆಳೆಗಾರರ ಮೊಬೈಲಿಗೆ ಎಸ್‌ಎಂಎಸ್ ಮೂಲಕ ತಿಳಿಸುವುದು ಅದರ ಕೆಲಸ. ಸರ್ವರ್ ಎಂದರೆ ಕಚೇರಿಯ ಹಿಂದಿನ ಕೋಣೆಯಲ್ಲಿ ಯುಪಿಎಸ್‌ಗೆ ಜೋಡಿಸಿಟ್ಟ ಒಂದು ಕಂಪ್ಯೂಟರ್, ಅಷ್ಟೆ. ಅದರಲ್ಲಿ ಉಬುಂಟು 22.04 ಇದೆ. ನಾನೂ ಸೇರಿ ಮೂವರು ಎಸ್‌ಎಸ್‌ಎಚ್ ಮೂಲಕ ಒಳಬರುತ್ತೇವೆ.

ಕಳೆದ ವಾರ ಹೊಸದಾಗಿ ಸೇರಿದ ಹುಡುಗನೊಬ್ಬ ಯಾವುದೋ ಸ್ಕ್ರಿಪ್ಟ್ ನಿಂತುಹೋಗಿದೆಯೇ ಎಂದು ನೋಡಲು ನಡೆಯುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಪಿಎಸ್ ಆಜ್ಞೆ ಕೊಟ್ಟನು. ಆಗ ತೆರೆಯ ಮೇಲೆ ಎಸ್‌ಎಂಎಸ್ ಕಳುಹಿಸುವ ಕರ್ಲ್ ಆಜ್ಞೆಯ ಇಡೀ ಸಾಲು, ಅದರೊಳಗಿನ ಕೀ (ಆ ಸೇವೆಗೆ ಪಾಸ್‌ವರ್ಡ್‌ನಂತೆ ಕೊಡುವ ಗುಟ್ಟು) ಸಮೇತ ಕಾಣಿಸಿತು. ಅವನು ಒಳ್ಳೆಯ ಹುಡುಗ, ತಕ್ಷಣ ನನಗೆ ತೋರಿಸಿದನು. ಆ ಗಾಬರಿಯಲ್ಲಿ ನಾನು ಕೋಡ್‌ನ ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಡುವ ಗಿಟ್ ಕಡತಗಳನ್ನು ಕೆದಕಿದಾಗ, ಎರಡು ವರ್ಷಗಳ ಹಿಂದೆ ಗುಟ್ಟುಗಳನ್ನು ಬರೆದಿಡುವ ಡಾಟ್ ಎನ್ವಿ ಫೈಲ್ ಕೂಡ ಒಳಸೇರಿತ್ತೆಂದೂ, ಮರುದಿನವೇ ಯಾರೋ (ನಾನೇ ಇರಬೇಕು) ಅದನ್ನು ಅಳಿಸಿ ಸುಮ್ಮನಾಗಿದ್ದರೆಂದೂ ತಿಳಿಯಿತು. ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಾಸ್‌ವರ್ಡ್, ಎಸ್‌ಎಂಎಸ್ ಕೀ ಮತ್ತು ಬ್ಯಾಕಪ್ ಇಡುವ ಕ್ಲೌಡ್ ಸಂಗ್ರಹದ ಕೀ ಇದ್ದವು. ಮೂರೂ ಇಂದಿಗೂ ಬಳಕೆಯಲ್ಲಿವೆ.

ವೆಬ್ ಪುಟದಲ್ಲಿ ಲಾಗಿನ್ ಆಗಿ ಗುಟ್ಟುಗಳನ್ನು ನಿರ್ವಹಿಸುವ ಸೇವೆಗಳು ನಮಗೆ ಒಗ್ಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದು ಕೇಬಲ್ ಹರಿದರೆ ಎರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಇಂಟರ್ನೆಟ್ ಇರುವುದಿಲ್ಲ. ಆಗಲೂ ಕಚೇರಿಯೊಳಗೆ ಅಪ್ಲಿಕೇಶನ್ ಎದ್ದು ನಿಲ್ಲಬೇಕು. ಕಮಾಂಡ್ ಲೈನ್‌ನಿಂದಲೇ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಕ್ರಮ ಯಾವುದು? ಗಿಟ್‌ನ ಹಳೆಯ ಕಮಿಟ್‌ನಿಂದ (ಉಳಿಸಿಟ್ಟ ಆವೃತ್ತಿಯಿಂದ) ಆ ಫೈಲನ್ನು ಕಿತ್ತುಹಾಕಿದರೆ ಸಾಕಾಗುತ್ತದೆಯೇ?

ಕೋಟೆಬೆಟ್ಟ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಸಾಕಾಗುವುದಿಲ್ಲ. ಗಿಟ್ ಫಿಲ್ಟರ್-ರೆಪೊ ಎಂಬ ಸಾಧನದಿಂದ ಹಳೆಯ ಕಮಿಟ್‌ಗಳನ್ನು ತಿದ್ದಿ ಬರೆಯಬಹುದು, ಆದರೆ ಆ ಎರಡು ವರ್ಷಗಳಲ್ಲಿ ಯಾರ ಲ್ಯಾಪ್‌ಟಾಪಿಗೆ ಆ ಕೋಡ್ ಇಳಿದಿದೆಯೋ ಅಲ್ಲೆಲ್ಲ ಹಳೆಯ ಪ್ರತಿ ಹಾಗೆಯೇ ಉಳಿದಿರುತ್ತದೆ. ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪ್‌ಗಳನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಆದ್ದರಿಂದ ಮೊದಲು ಮೂರೂ ಕೀಗಳನ್ನು ಬದಲಾಯಿಸಿ. ಹಳೆಯ ಕೀ ಸತ್ತ ಮೇಲೆ ಅದು ಗಿಟ್‌ನಲ್ಲಿದ್ದರೂ ಒಂದೇ, ಸಂತೆಯಲ್ಲಿ ಬರೆದು ಹಾಕಿದರೂ ಒಂದೇ. ಇತಿಹಾಸವನ್ನು ತೊಳೆಯುವ ಕೆಲಸವನ್ನು ಆಮೇಲೆ ಬಿಡುವಿನಲ್ಲಿ ಮಾಡಬಹುದು, ಮಾಡದಿದ್ದರೂ ನಷ್ಟವಿಲ್ಲ.

ಬದಲಾಯಿಸುವಾಗ ಹಳೆಯದನ್ನು ರದ್ದು ಮಾಡಿ ಹೊಸದನ್ನು ತರಬೇಡಿ. ಹೊಸ ಕೀ ಪಡೆಯಿರಿ, ಅದನ್ನು ಅಪ್ಲಿಕೇಶನ್‌ಗೆ ಕೊಡಿ, ನಿಮ್ಮದೇ ಮೊಬೈಲಿಗೆ ಒಂದು ಸಂದೇಶ ಬಂದದ್ದನ್ನು ಕಣ್ಣಾರೆ ನೋಡಿ, ಅನಂತರ ಹಳೆಯದನ್ನು ರದ್ದು ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬ ಬಳಕೆದಾರನಿಗೆ ಏಕಕಾಲಕ್ಕೆ ಎರಡು ಪಾಸ್‌ವರ್ಡ್ ಇಡಲಾಗದು. ಅಲ್ಲಿ ಅದೇ ಹಕ್ಕುಗಳುಳ್ಳ ಎರಡನೆಯ ಬಳಕೆದಾರನನ್ನು ಸೃಷ್ಟಿಸಿ, ಅಪ್ಲಿಕೇಶನ್ ಅತ್ತ ಹೊರಳಿದ ಮೇಲೆ ಮೊದಲನೆಯವನ ಲಾಗಿನ್ ಹಕ್ಕನ್ನು ಕಿತ್ತುಕೊಳ್ಳುವುದು ವಾಡಿಕೆ.

ಇನ್ನು ಪಿಎಸ್ ವಿಚಾರ. ಲಿನಕ್ಸ್‌ನಲ್ಲಿ ಯಾವುದೇ ಪ್ರೋಗ್ರಾಂಗೆ ಕೊಟ್ಟ ಆರ್ಗ್ಯುಮೆಂಟ್‌ಗಳು (ಆಜ್ಞೆಯ ಹೆಸರಿನ ಮುಂದೆ ಬರೆದ ಪದಗಳು) ಪ್ರಾಕ್ ಡೈರೆಕ್ಟರಿಯೊಳಗಿನ ಸಿಎಂಡಿಲೈನ್ ಫೈಲ್‌ನಲ್ಲಿ ಸಿಗುತ್ತವೆ, ಮತ್ತು ಸಾಮಾನ್ಯ ವ್ಯವಸ್ಥೆಯಲ್ಲಿ ಅದನ್ನು ಆ ಯಂತ್ರದ ಯಾವ ಬಳಕೆದಾರ ಬೇಕಾದರೂ ಓದಬಹುದು. ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳಿರುವ (ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಹೆಸರಿಟ್ಟು ಕೊಡುವ ಮಾಹಿತಿಯಿರುವ) ಎನ್ವಿರಾನ್ ಫೈಲ್ ಹಾಗಲ್ಲ, ಅದನ್ನು ಆ ಪ್ರಕ್ರಿಯೆಯ ಒಡೆಯ ಮತ್ತು ರೂಟ್ (ಯಂತ್ರದ ಮೇಲೆ ಪೂರ್ಣ ಹಕ್ಕುಳ್ಳ ಖಾತೆ) ಮಾತ್ರ ಓದಬಲ್ಲರು. ಇದಿಷ್ಟನ್ನು ಗಮನದಲ್ಲಿಟ್ಟುಕೊಂಡರೆ ಕಮಾಂಡ್ ಲೈನ್‌ನಲ್ಲಿ ಕೀಯನ್ನು ಆರ್ಗ್ಯುಮೆಂಟ್ ಆಗಿ ಎಂದೂ ಬರೆಯಬಾರದೆಂಬ ನಿಯಮ ತಾನಾಗಿ ಹುಟ್ಟುತ್ತದೆ. ನಿಮ್ಮ ಕರ್ಲ್ ಆಜ್ಞೆಗೆ ಪರಿಹಾರ ಸುಲಭವಾಗಿದೆ: ದೃಢೀಕರಣದ ಹೆಡರ್ ಸಾಲನ್ನು 600 ಅನುಮತಿಯ (ಒಡೆಯ ಮಾತ್ರ ಓದಿ ಬರೆಯಬಲ್ಲ) ಒಂದು ಫೈಲ್‌ನಲ್ಲಿ ಬರೆದಿಟ್ಟು, ಕ್ಯಾಪಿಟಲ್ ಎಚ್ ಆಯ್ಕೆಯ ಮುಂದೆ ಅಟ್ ಚಿಹ್ನೆ ಹಾಕಿ ಆ ಫೈಲ್‌ನ ಹೆಸರು ಕೊಡಿ. 2017ರ 7.55ನೇ ಆವೃತ್ತಿಯಿಂದ ಕರ್ಲ್‌ಗೆ ಇದು ಗೊತ್ತು. ಪಿಎಸ್‌ನಲ್ಲಿ ಆಗ ಫೈಲ್‌ನ ಹೆಸರಷ್ಟೇ ಕಾಣುತ್ತದೆ. ಪೋಸ್ಟ್‌ಗ್ರೆಸ್‌ಗೆ ಹೋಮ್ ಡೈರೆಕ್ಟರಿಯ ಡಾಟ್ ಪಿಜಿಪಾಸ್ ಫೈಲ್ ಇದೆ. ಅದರ ಅನುಮತಿ 600ಕ್ಕಿಂತ ಸಡಿಲವಾಗಿದ್ದರೆ ಪಿಎಸ್‌ಕ್ಯೂಎಲ್ ಎಚ್ಚರಿಕೆ ಕೊಟ್ಟು ಅದನ್ನು ಓದಲು ನಿರಾಕರಿಸುತ್ತದೆ. ಎಲ್ಲ ಪ್ರೋಗ್ರಾಂಗಳೂ ಇಷ್ಟು ಮಡಿವಂತಿಕೆ ತೋರಿದ್ದರೆ ಒಳ್ಳೆಯದಿತ್ತು.

ಕೀ ಸೋರಿರಬಹುದಾದ ಇನ್ನೂ ಮೂರು ಜಾಗಗಳನ್ನು ಇಂದೇ ನೋಡಿ. ಒಂದು, ಮೂವರ ಬ್ಯಾಷ್ ಹಿಸ್ಟರಿ ಫೈಲ್‌ಗಳು, ಅಂದರೆ ಟೈಪ್ ಮಾಡಿದ ಆಜ್ಞೆಗಳ ದಾಖಲೆ. ಎರಡು, ಆಥ್ ಲಾಗ್: ರೂಟ್ ಹಕ್ಕಿನಿಂದ ಆಜ್ಞೆ ನಡೆಸುವ ಸುಡೊ ತಾನು ನಡೆಸಿದ ಆಜ್ಞೆಯ ಇಡೀ ಸಾಲನ್ನು ಅಲ್ಲಿ ಬರೆಯುತ್ತದೆ, ಆದ್ದರಿಂದ ಸುಡೊ ಜೊತೆಗೆ ಪಾಸ್‌ವರ್ಡ್ ಬರೆದಿದ್ದರೆ ಅದು ಲಾಗ್‌ನಲ್ಲಿ ಕುಳಿತಿರುತ್ತದೆ. ಮೂರು, ನಡೆಸುವ ಪ್ರತಿ ಸಾಲನ್ನೂ ಮುದ್ರಿಸುವ ಸೆಟ್ ಮೈನಸ್ ಎಕ್ಸ್ ಹಾಕಿ ಬರೆದ ಸ್ಕ್ರಿಪ್ಟ್‌ಗಳ ಔಟ್‌ಪುಟ್ ಹೋಗುವ ಲಾಗ್. ಇನ್ನು ಮುಂದೆ ಕೈಯಿಂದ ಪಾಸ್‌ವರ್ಡ್ ಕೊಡಲೇಬೇಕಾದಾಗ ರೀಡ್ ಮೈನಸ್ ಎಸ್ ಬಳಸಿ. ಅಕ್ಷರಗಳು ತೆರೆಯ ಮೇಲೂ ಮೂಡುವುದಿಲ್ಲ, ಹಿಸ್ಟರಿಗೂ ಹೋಗುವುದಿಲ್ಲ. ಆಜ್ಞೆಯ ಮುಂದೆ ಒಂದು ಖಾಲಿ ಜಾಗ ಬಿಟ್ಟರೆ ಹಿಸ್ಟರಿಯಲ್ಲಿ ಉಳಿಯುವುದಿಲ್ಲವೆಂದು ಹಲವರು ನಂಬಿದ್ದಾರೆ. ಅದು ಬ್ಯಾಷ್‌ನ ಹಿಸ್ಟ್‌ಕಂಟ್ರೋಲ್ ಹೊಂದಾಣಿಕೆಯಲ್ಲಿ ಇಗ್ನೋರ್‌ಸ್ಪೇಸ್ ಅಥವಾ ಇಗ್ನೋರ್‌ಬೋತ್ ಇದ್ದರೆ ಮಾತ್ರ ನಿಜ, ಮತ್ತು ಪಿಎಸ್‌ನಿಂದ ಅದು ಏನನ್ನೂ ಮರೆಮಾಡುವುದಿಲ್ಲ.

ಬರಪೊಳೆ

ನಾನು ವಿರಾಜಪೇಟೆಯ ಕಡೆ ಕೆಲವು ಹೋಂಸ್ಟೇಗಳ ಬುಕಿಂಗ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ಕೋಟೆಬೆಟ್ಟ ಅವರು ಹೇಳಿದ್ದೆಲ್ಲ ಸರಿ. ಮುಂದೆ ಯಾರಾದರೂ ಬಂದು ವಾಲ್ಟ್ (ಗುಟ್ಟುಗಳನ್ನು ಬೀಗ ಹಾಕಿ ಕಾಯುವ ತಂತ್ರಾಂಶ) ಹಾಕಿಕೊಳ್ಳಿ ಎನ್ನುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಉತ್ಸಾಹದಿಂದ ವಾಲ್ಟ್ ಅನ್ನು ನಮ್ಮದೇ ಯಂತ್ರದಲ್ಲಿ ನಡೆಸಿದ್ದೆನು. ಅದು ಪ್ರತಿ ಸಲ ಮರುಪ್ರಾರಂಭವಾದಾಗ ಬೀಗ ಹಾಕಿಕೊಂಡೇ ಏಳುತ್ತದೆ. ಮೂಲ ಹೊಂದಾಣಿಕೆಯಲ್ಲಿ ತೆರೆಯುವ ಕೀಲಿಯನ್ನು ಐದು ತುಂಡು ಮಾಡಿ, ಅವುಗಳಲ್ಲಿ ಯಾವುದಾದರೂ ಮೂರನ್ನು ಕೊಟ್ಟರೆ ಮಾತ್ರ ತೆರೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಬೆಳಗ್ಗೆ ಯಂತ್ರ ಎದ್ದಾಗ ತುಂಡು ಹಿಡಿದ ಇಬ್ಬರ ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಅತಿಥಿಗಳು ಗೇಟಿನ ಬಳಿ ಬಂದು ನಿಂತಿದ್ದರು, ಬುಕಿಂಗ್ ಪಟ್ಟಿ ತೆರೆಯುತ್ತಿರಲಿಲ್ಲ. ತಾನಾಗಿ ತೆರೆದುಕೊಳ್ಳುವ ವ್ಯವಸ್ಥೆಯೂ ಅದರಲ್ಲಿ ಉಂಟು, ಆದರೆ ಸಾಮಾನ್ಯವಾಗಿ ಅದಕ್ಕೆ ಹೊರಗಿನ ಕ್ಲೌಡ್ ಸೇವೆಯನ್ನು ತಲುಪಬೇಕು. ಅಲ್ಲಿಗೆ ಮತ್ತೆ ಇಂಟರ್ನೆಟ್ ಕಥೆಯೇ. ದೊಡ್ಡ ತಂಡಗಳಿಗೆ ಅದು ಉತ್ತಮ ಸಾಧನವೆಂಬುದರಲ್ಲಿ ಸಂಶಯವಿಲ್ಲ, ನಮ್ಮಂಥ ಒಂಟಿ ಯಂತ್ರಕ್ಕೆ ಅದು ಹೊರಲಾರದ ಹೊರೆ.

ನಾನೀಗ ಮಾಡುವುದು ಇಷ್ಟೆ. ಗುಟ್ಟುಗಳೆಲ್ಲ ರೂಟ್ ಒಡೆತನದ, 600 ಅನುಮತಿಯ ಒಂದೇ ಫೈಲ್‌ನಲ್ಲಿವೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿಯ ಯೂನಿಟ್‌ನಲ್ಲಿ (ಸೇವೆಯ ವಿವರದ ಫೈಲ್‌ನಲ್ಲಿ) ಎನ್ವಿರಾನ್‌ಮೆಂಟ್‌ಫೈಲ್ ಎಂದು ಅದರ ಹಾದಿಯನ್ನು ಕೊಟ್ಟಿದ್ದೇನೆ. ಫೈಲನ್ನು ಓದುವವನು ಸಿಸ್ಟಮ್‌ಡಿಯೇ ಆದ್ದರಿಂದ ಅಪ್ಲಿಕೇಶನ್ ನಡೆಯುವ ಬಳಕೆದಾರನಿಗೆ ಅದನ್ನು ತೆರೆಯುವ ಹಕ್ಕು ಬೇಕಾಗಿಲ್ಲ. ಆದರೆ ಯೂನಿಟ್ ಫೈಲ್‌ನೊಳಗೆ ನೇರವಾಗಿ ಎನ್ವಿರಾನ್‌ಮೆಂಟ್ ಎಂದು ಬರೆದು ಗುಟ್ಟನ್ನು ತುಂಬಬೇಡಿ. ಅದನ್ನು ಸಿಸ್ಟಮ್‌ಸಿಟಿಎಲ್ ಶೋ ಆಜ್ಞೆಯಿಂದ ಯಾವ ಬಳಕೆದಾರನಾದರೂ ನೋಡಬಹುದು. ಮೂರು ಕೀಗಳಿಗೆ ಇದಕ್ಕಿಂತ ಹೆಚ್ಚಿನ ಏರ್ಪಾಡು ಬೇಕೆಂದು ನನಗೆ ಅನ್ನಿಸುವುದಿಲ್ಲ.

ಹಾರಂಗಿ_ದಡ

ಬರಪೊಳೆ ಅವರ ಕ್ರಮ ಯಂತ್ರ ಬದುಕಿರುವವರೆಗೆ ಚೆನ್ನಾಗಿ ನಡೆಯುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಒಂದು ಸಿಡಿಲು ಬಡಿದು ಮದರ್‌ಬೋರ್ಡ್ ಸುಟ್ಟರೆ ಆ ಫೈಲ್‌ನ ಇನ್ನೊಂದು ಪ್ರತಿ ಎಲ್ಲಿದೆ? ಹೆಚ್ಚಿನ ಕಡೆ ಅದು ಯಾರದೋ ವಾಟ್ಸ್‌ಆ್ಯಪ್ ಸಂಭಾಷಣೆಯಲ್ಲಿ ಇರುತ್ತದೆ. ನಾನು ಕುಶಾಲನಗರದಲ್ಲಿ ಕುಳಿತು ಮೈಸೂರಿನ ತಂಡಕ್ಕೆ ಕೆಲಸ ಮಾಡುವವಳು. ಅಲ್ಲಿ ನಾವು ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ (ಗೂಢವಾಗಿಸಿ) ಇಡುವ ಸಾಪ್ಸ್ ಮತ್ತು ಏಜ್ ಎಂಬ ಎರಡು ಸಾಧನಗಳನ್ನು ಬಳಸುತ್ತೇವೆ. ಎರಡೂ ಮುಕ್ತ ತಂತ್ರಾಂಶಗಳು, ಎರಡಕ್ಕೂ ಇಂಟರ್ನೆಟ್ ಬೇಕಿಲ್ಲ. ಸಾಪ್ಸ್ ಮೊದಲು ಮೊಜಿಲ್ಲಾದಲ್ಲಿ ಬೆಳೆದು, 2023ರಲ್ಲಿ ಸಿಎನ್‌ಸಿಎಫ್ ಎಂಬ ಮುಕ್ತ ತಂತ್ರಾಂಶ ಪ್ರತಿಷ್ಠಾನದ ಆಶ್ರಯಕ್ಕೆ ಹೋಯಿತು.

ಮೂವರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಏಜ್-ಕೀಜೆನ್ ನಡೆಸಿ ಒಂದೊಂದು ಜೋಡಿ ಕೀಲಿ (ಮುಚ್ಚಲು ಸಾರ್ವಜನಿಕ ಕೀಲಿ, ತೆರೆಯಲು ಖಾಸಗಿ ಕೀಲಿ) ಮಾಡಿಕೊಳ್ಳುತ್ತಾರೆ. ಸರ್ವರ್‌ಗೆ ಒಂದು ಜೋಡಿ, ಆಪತ್ಕಾಲಕ್ಕೆ ಕಾಗದದ ಮೇಲೆ ಬರೆದಿಡಲು ಇನ್ನೊಂದು ಜೋಡಿ. ಈ ಐದೂ ಸಾರ್ವಜನಿಕ ಕೀಲಿಗಳನ್ನು ಡಾಟ್ ಸಾಪ್ಸ್ ಡಾಟ್ ಯಾಮಲ್ ಫೈಲ್‌ನಲ್ಲಿ ಬರೆದರೆ, ಆಮೇಲೆ ಸಾಪ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಫೈಲನ್ನು ಐವರಲ್ಲಿ ಯಾರೊಬ್ಬರ ಖಾಸಗಿ ಕೀಲಿಯಿಂದಲೂ ತೆರೆಯಬಹುದು. ಆ ಫೈಲನ್ನು ಧೈರ್ಯವಾಗಿ ಗಿಟ್‌ಗೆ ಸೇರಿಸಿ. ಸಾಪ್ಸ್‌ನ ನನಗೆ ತುಂಬ ಹಿಡಿಸಿದ ಗುಣವೆಂದರೆ ಅದು ಗುಟ್ಟುಗಳನ್ನು ಮಾತ್ರ ಗೂಢವಾಗಿಸಿ ಅವುಗಳ ಹೆಸರುಗಳನ್ನು ಹಾಗೆಯೇ ಬಿಡುತ್ತದೆ. ಆದ್ದರಿಂದ ಗಿಟ್ ಡಿಫ್ (ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ) ನೋಡಿದವರಿಗೆ ಎಸ್‌ಎಂಎಸ್ ಕೀ ಮೊನ್ನೆ ಬದಲಾಗಿದೆ ಎಂಬುದು ತಿಳಿಯುತ್ತದೆ, ಏನೆಂದು ಬದಲಾಗಿದೆ ಎಂಬುದು ತಿಳಿಯುವುದಿಲ್ಲ. ಯಾವಾಗ, ಯಾರು ಬದಲಾಯಿಸಿದರು ಎಂಬ ದಾಖಲೆ ಪುಕ್ಕಟೆಯಾಗಿ ಸಿಕ್ಕಂತಾಯಿತು.

ತಿದ್ದಬೇಕಾದಾಗ ಸಾಪ್ಸ್ ಎಂದು ಬರೆದು ಫೈಲ್‌ನ ಹೆಸರು ಕೊಟ್ಟರೆ ನಿಮ್ಮ ಎಡಿಟರ್ ತೆರೆದುಕೊಳ್ಳುತ್ತದೆ, ಉಳಿಸಿ ಹೊರಬಂದರೆ ಮತ್ತೆ ಎನ್‌ಕ್ರಿಪ್ಟ್ ಆಗುತ್ತದೆ. ತಿದ್ದುವಷ್ಟು ಹೊತ್ತು ತೆರೆದ ರೂಪದ ತಾತ್ಕಾಲಿಕ ಫೈಲೊಂದು ಇರುತ್ತದೆ. ಅದು ಡಿಸ್ಕ್‌ನಲ್ಲಿ ಬೀಳದಂತೆ ಟಿಎಂಪಿಡಿಐಆರ್ ವೇರಿಯೇಬಲ್ ಅನ್ನು ಮೆಮೊರಿಯಲ್ಲಿರುವ ಡೆವ್ ಎಸ್‌ಎಚ್‌ಎಂ ಡೈರೆಕ್ಟರಿಗೆ ತಿರುಗಿಸಿಡುವುದು ನನ್ನ ಅಭ್ಯಾಸ. ಪ್ರೋಗ್ರಾಂ ನಡೆಸುವಾಗ ಸಾಪ್ಸ್ ಎಕ್ಸೆಕ್-ಎನ್ವ್ ಬಳಸಿದರೆ ಗುಟ್ಟುಗಳು ಆ ಪ್ರೋಗ್ರಾಂನ ಎನ್ವಿರಾನ್‌ಮೆಂಟ್‌ಗೆ ಮಾತ್ರ ಹೋಗುತ್ತವೆ, ನಿಮ್ಮ ಶೆಲ್‌ನಲ್ಲಿ ಉಳಿಯುವುದಿಲ್ಲ.

ಯಾರಾದರೂ ತಂಡ ಬಿಟ್ಟಾಗ ಅವರ ಸಾರ್ವಜನಿಕ ಕೀಲಿಯನ್ನು ಪಟ್ಟಿಯಿಂದ ತೆಗೆದು ಸಾಪ್ಸ್ ಅಪ್‌ಡೇಟ್‌ಕೀಸ್ ಕೊಟ್ಟು ನಿಶ್ಚಿಂತರಾಗುವವರಿದ್ದಾರೆ. ಗಿಟ್‌ನ ಹಳೆಯ ಕಮಿಟ್‌ನಲ್ಲಿರುವ ಪ್ರತಿಯನ್ನು ಅವರ ಕೀಲಿ ಇನ್ನೂ ತೆರೆಯುತ್ತದೆ ಎಂಬುದನ್ನು ಮರೆಯಬೇಡಿ. ಅಪ್‌ಡೇಟ್‌ಕೀಸ್ ಫೈಲನ್ನು ಗೂಢವಾಗಿಸುವ ಒಳಗಿನ ದತ್ತಾಂಶ ಕೀಲಿಯನ್ನೂ ಬದಲಿಸುವುದಿಲ್ಲ, ಅದಕ್ಕೆ ರೊಟೇಟ್ ಎಂಬ ಬೇರೆ ಉಪಾಜ್ಞೆಯಿದೆ. ಅಷ್ಟು ಮಾಡಿದರೂ ನಿಜವಾದ ಪಾಸ್‌ವರ್ಡ್‌ಗಳನ್ನು ಬದಲಿಸದೆ ಗತಿಯಿಲ್ಲ. ಕೋಟೆಬೆಟ್ಟ ಅವರು ಹೇಳಿದಲ್ಲಿಗೇ ಬಂದು ನಿಂತೆವು.

ಸರ್ವರ್ ಬದಿಯ ಬಗ್ಗೆ ಒಂದು ಮಾತು. ಎನ್ವಿರಾನ್‌ಮೆಂಟ್‌ಫೈಲ್‌ನ ಕೊರತೆಯೆಂದರೆ ವೇರಿಯೇಬಲ್‌ಗಳು ಮಕ್ಕಳು ಮೊಮ್ಮಕ್ಕಳೆನ್ನದೆ ಎಲ್ಲ ಉಪಪ್ರಕ್ರಿಯೆಗಳಿಗೂ ಹರಿಯುತ್ತವೆ. ಅಪ್ಲಿಕೇಶನ್ ಮುಗ್ಗರಿಸಿದಾಗ ದೋಷವರದಿಯಲ್ಲಿ ಅವನ್ನೆಲ್ಲ ಮುದ್ರಿಸುವ ಲೈಬ್ರರಿಗಳೂ ಉಂಟು. ಸಿಸ್ಟಮ್‌ಡಿ 247ರಿಂದ ಲೋಡ್‌ಕ್ರೆಡೆನ್ಶಿಯಲ್ ಎಂಬ ಸೌಲಭ್ಯವಿದೆ. ಅದು ಗುಟ್ಟನ್ನು ಮೆಮೊರಿಯಲ್ಲಿನ ಒಂದು ಡೈರೆಕ್ಟರಿಯಲ್ಲಿ ಫೈಲ್ ಆಗಿ ಇಟ್ಟು, ಆ ಸೇವೆಯ ಬಳಕೆದಾರನಿಗೆ ಮಾತ್ರ ಓದಲು ಕೊಡುತ್ತದೆ. ಎನ್ವಿರಾನ್‌ಮೆಂಟ್‌ನಲ್ಲಿ ಇರುವುದು ಡೈರೆಕ್ಟರಿಯ ಹಾದಿಯಷ್ಟೆ. ನಿಮ್ಮ ಉಬುಂಟು 22.04ರಲ್ಲಿರುವುದು 249, ಆದ್ದರಿಂದ ಇದು ಇಂದೇ ಸಿಗುತ್ತದೆ. ಫೈಲನ್ನು ಎನ್‌ಕ್ರಿಪ್ಟ್ ಮಾಡಿ ಇಡುವ ಸಿಸ್ಟಮ್‌ಡಿ-ಕ್ರೆಡ್ಸ್ ಆಜ್ಞೆಗೆ 250 ಬೇಕು, ಅದಕ್ಕೆ 24.04ಕ್ಕೆ ಏರುವವರೆಗೆ ಕಾಯಬೇಕಾಗುತ್ತದೆ. ಅದನ್ನು ಬೋರ್ಡ್‌ನಲ್ಲಿರುವ ಟಿಪಿಎಂ ಎಂಬ ಭದ್ರತಾ ಚಿಪ್‌ಗೆ ಕಟ್ಟಿದರೆ ಬೋರ್ಡ್ ಸತ್ತ ದಿನ ಆ ಪ್ರತಿಯೂ ಸತ್ತಂತೆ, ಆದ್ದರಿಂದ ಮೂಲಪ್ರತಿ ಯಾವತ್ತೂ ಸಾಪ್ಸ್ ಫೈಲ್ ಆಗಿರಲಿ.

ಲಕ್ಷ್ಮಣತೀರ್ಥ

ಮೂವರಿಗೂ ಧನ್ಯವಾದಗಳು. ನಿನ್ನೆ ಬೆಳಗ್ಗೆ ಕುಳಿತು ಮೂರೂ ಕೀಗಳನ್ನು ಬದಲಾಯಿಸಿದೆವು. ಎಸ್‌ಎಂಎಸ್ ಮತ್ತು ಪೋಸ್ಟ್‌ಗ್ರೆಸ್ ಸುಲಭವಾಗಿ ಮುಗಿದವು. ಬ್ಯಾಕಪ್ ಸಂಗ್ರಹದ ಹಳೆಯ ಕೀಯನ್ನು ಸಂಜೆ ರದ್ದು ಮಾಡಿದೆನು, ರಾತ್ರಿ ಎರಡು ಗಂಟೆಯ ಬ್ಯಾಕಪ್ ವಿಫಲವಾಯಿತು. ಹುಡುಕಿದಾಗ ರೂಟ್‌ನ ಕ್ರಾನ್‌ಟ್ಯಾಬ್‌ನಲ್ಲಿ (ನಿಗದಿತ ಹೊತ್ತಿಗೆ ನಡೆಯುವ ಆಜ್ಞೆಗಳ ಪಟ್ಟಿಯಲ್ಲಿ) ಆ ಕೀಯನ್ನು ನೇರವಾಗಿ ಬರೆದ ಹಳೆಯ ಸಾಲೊಂದು ಸಿಕ್ಕಿತು. ಗಿಟ್‌ನಲ್ಲಿಲ್ಲದ, ಡಾಟ್ ಎನ್ವಿಯಲ್ಲೂ ಇಲ್ಲದ ನಾಲ್ಕನೆಯ ಜಾಗ. ಬರೆದವನು ನಾನೇ, ಮರೆತವನೂ ನಾನೇ. ಈಗ ಆ ಸ್ಕ್ರಿಪ್ಟ್ ಕೂಡ ಸಾಪ್ಸ್ ಮೂಲಕವೇ ನಡೆಯುತ್ತಿದೆ.

ಹಾರಂಗಿ ದಡದ ಮೇಡಂ ಅವರಲ್ಲಿ ಎರಡು ಸಂದೇಹಗಳನ್ನು ಕೇಳಬೇಕಿದೆ. ಸರ್ವರ್‌ನ ಏಜ್ ಖಾಸಗಿ ಕೀಲಿ ಅದರ ಡಿಸ್ಕ್‌ನಲ್ಲಿಯೇ ತೆರೆದು ಬಿದ್ದಿರುತ್ತದಲ್ಲವೇ? ಹಾಗಾದರೆ ನಾವು ಗುಟ್ಟನ್ನು ಒಂದು ಫೈಲ್‌ನಿಂದ ಇನ್ನೊಂದಕ್ಕೆ ಸರಿಸಿದಂತಷ್ಟೇ ಆಯಿತಲ್ಲ. ಎರಡನೆಯದು ಕಾಗದದ ವಿಚಾರ. ನಮ್ಮಲ್ಲಿ ಮಳೆಗಾಲದಲ್ಲಿ ಕಪಾಟಿನೊಳಗಿನ ಪಾಸ್‌ಬುಕ್‌ಗೂ ಬೂಸ್ಟು ಹಿಡಿಯುತ್ತದೆ. ಅಷ್ಟುದ್ದದ ಅಕ್ಷರಮಾಲೆಯನ್ನು ಬರೆದಿಟ್ಟರೆ ಮೂರು ವರ್ಷದ ಮೇಲೆ ಓದಲು ಬರುತ್ತದೆಯೇ?

ಹಾರಂಗಿ_ದಡ

ಮೊದಲನೆಯ ಸಂದೇಹ ನ್ಯಾಯವಾದದ್ದು, ಅದನ್ನು ಒಪ್ಪಿಕೊಳ್ಳದೆ ಸಾಪ್ಸ್ ಅನ್ನು ಹೊಗಳುವವರ ಮಾತನ್ನು ನಂಬಬೇಡಿ. ಮನುಷ್ಯರಿಲ್ಲದೆ ತಾನಾಗಿ ಏಳಬೇಕಾದ ಯಂತ್ರದಲ್ಲಿ ಒಂದು ಕೀಲಿ ಎಲ್ಲಿಯಾದರೂ ಬಯಲಲ್ಲಿ ಇರಲೇಬೇಕು. ರೂಟ್ ಹಕ್ಕು ಪಡೆದ ಕಳ್ಳನಿಂದ ಸಾಪ್ಸ್ ನಿಮ್ಮನ್ನು ಕಾಪಾಡದು. ನಿಮಗೆ ಸಿಕ್ಕಿದ ಲಾಭ ಬೇರೆ: ಗಿಟ್, ಬ್ಯಾಕಪ್, ಲ್ಯಾಪ್‌ಟಾಪ್, ವಾಟ್ಸ್‌ಆ್ಯಪ್ ಎಂದು ಹತ್ತು ಕಡೆ ಚೆಲ್ಲಿದ್ದ ಗುಟ್ಟು ಈಗ ರೂಟ್ ಒಡೆತನದ ಒಂದೇ ಫೈಲ್‌ಗೆ ಇಳಿದಿದೆ. ಆ ಫೈಲ್ ಬ್ಯಾಕಪ್‌ಗೆ ಹೋಗದಂತೆ ಹೊರಗಿಡಿ. ಇಲ್ಲದಿದ್ದರೆ ಬೀಗ ಮತ್ತು ಕೀಲಿ ಒಂದೇ ಚೀಲದಲ್ಲಿ ಮೈಸೂರಿಗೆ ಹೊರಟಂತೆ.

ಕಾಗದದ ಬಗ್ಗೆ ಹೆದರಬೇಡಿ, ಏಜ್ ರೂಪಿಸಿದವರು ಆ ಯೋಚನೆ ಮಾಡಿದ್ದಾರೆ. ಖಾಸಗಿ ಕೀಲಿ ಎಲ್ಲ ಸೇರಿ 74 ಅಕ್ಷರಗಳು, ಅದೂ ಒಂದೇ ಸಾಲು. ಮೊದಲ 16 ಎಲ್ಲ ಕೀಲಿಗಳಲ್ಲೂ ಒಂದೇ ಆಗಿರುವ ತಲೆಬರಹ. ಮಿಕ್ಕ 58 ಅಕ್ಷರಗಳಲ್ಲಿ 1 ಎಂಬ ಅಂಕೆಯೂ ಇಂಗ್ಲಿಷಿನ ಬಿ, ಐ, ಓ ಅಕ್ಷರಗಳೂ ಬರುವುದೇ ಇಲ್ಲ, ಏಕೆಂದರೆ ಬೆಕ್32 ಎಂಬ ಆ ಬರವಣಿಗೆಯ ಕ್ರಮದಲ್ಲಿ ಕಣ್ಣಿಗೆ ಮೋಸ ಮಾಡುವ ಅಕ್ಷರಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಆದ್ದರಿಂದ ಸೊನ್ನೆಯಂತೆ ಕಂಡದ್ದು ಸೊನ್ನೆಯೇ. ಕೊನೆಯ ಆರು ಅಕ್ಷರಗಳು ತಾಳೆ ನೋಡುವುದಕ್ಕಾಗಿ ಇವೆ. ನಾಲ್ಕು ಅಕ್ಷರಗಳವರೆಗೆ ತಪ್ಪು ಬರೆದರೂ ಅದು ಖಂಡಿತ ಸಿಕ್ಕಿಬೀಳುತ್ತದೆ.

ಬರೆಯುವುದಕ್ಕೆ ಪೆನ್ಸಿಲ್ ಬಳಸಿ. ಸೀಸದ ಗೆರೆ ನೀರಿಗೆ ಕಲೆಸುವುದಿಲ್ಲ, ಇಂಕ್‌ಜೆಟ್ ಮುದ್ರಣ ತೇವಕ್ಕೆ ಹರಡುತ್ತದೆ. ನಾಲ್ಕು ನಾಲ್ಕು ಅಕ್ಷರಗಳ ಗುಂಪು ಮಾಡಿ ಬರೆದು, ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಒಂದು ಪ್ರತಿಯನ್ನು ಸಂಘದ ಬ್ಯಾಂಕ್ ಲಾಕರ್‌ನಲ್ಲಿ, ಇನ್ನೊಂದನ್ನು ಜಿಲ್ಲೆಯ ಹೊರಗೆ ಇಡಿ. 2018ರ ಆಗಸ್ಟ್‌ನ ಭೂಕುಸಿತಗಳಾದ ಮೇಲೆ ಎರಡೂ ಪ್ರತಿಗಳು ಒಂದೇ ಬೆಟ್ಟದ ಇಳಿಜಾರಿನಲ್ಲಿರಬಾರದೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಾದರೆ ಒಲೆಯ ಮೇಲಿನ ಅಟ್ಟಕ್ಕಿಂತ ಒಣಗಿದ ಜಾಗ ಮನೆಯಲ್ಲಿ ಇರಲಿಲ್ಲ, ಈಗ ಆ ಅಟ್ಟಗಳೂ ಇಲ್ಲ.

ಬರಪೊಳೆ

ಸಾಪ್ಸ್ ಬಗ್ಗೆ ನನ್ನ ಅಭಿಪ್ರಾಯವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಒಬ್ಬನೇ ನೋಡಿಕೊಳ್ಳುವ ಯಂತ್ರಕ್ಕೆ ಅದು ಬೇಡವೆಂದೇ ಈಗಲೂ ಹೇಳುವೆನು. ಮದರ್‌ಬೋರ್ಡ್ ಸುಟ್ಟರೆ ಎಂಬ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಕಾಗದವನ್ನು ಬರೆದು ಮುಗಿಸಿದ ಕೂಡಲೇ ಲಾಕರ್‌ಗೆ ಒಯ್ಯಬೇಡಿ, ಅದನ್ನು ನೋಡಿಯೇ ಮತ್ತೆ ಟೈಪ್ ಮಾಡಿ ಒಂದು ಫೈಲನ್ನು ತೆರೆದು ನೋಡಿ.

ಲಕ್ಷ್ಮಣತೀರ್ಥ

ಹಾಗೆಯೇ ಮಾಡಿದೆವು. ಪಿಎಸ್‌ನಲ್ಲಿ ಕೀ ಕಂಡ ಆ ಹುಡುಗ ಕಾಗದ ಹಿಡಿದು ಒಂದೊಂದೇ ಅಕ್ಷರ ಓದಿದನು, ನಾನು ಇಂಟರ್ನೆಟ್ ತಂತಿ ಕಿತ್ತ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದೆನು. ಸಾಪ್ಸ್ ಕೀಲಿಯನ್ನು ಒಪ್ಪಲಿಲ್ಲ. ಮೂಲದೊಂದಿಗೆ ಹೋಲಿಸಿದಾಗ ಒಂಬತ್ತನೆಯ ಗುಂಪಿನಲ್ಲಿ ನಾನು ಬರೆದ 5 ಅವನಿಗೆ ಎಸ್ ಆಗಿ ಕಂಡಿತ್ತು. ಎರಡೂ ಆ ಅಕ್ಷರಮಾಲೆಯಲ್ಲಿ ಉಂಟಂತೆ. ಈಗ ಎರಡೂ ಪ್ರತಿಗಳಲ್ಲಿ ಪ್ರತಿ ಐದರ ಕೆಳಗೆ ಗೆರೆ ಎಳೆದಿದ್ದೇವೆ. ಎರಡನೆಯ ಸಲ ಓದಿ ಟೈಪ್ ಮಾಡಿದಾಗ ಫೈಲ್ ತೆರೆಯಿತು. ಲೋಡ್‌ಕ್ರೆಡೆನ್ಶಿಯಲ್‌ಗೆ ಬದಲಾಗಬೇಕೆಂದರೆ ಅಪ್ಲಿಕೇಶನ್‌ನ ಕೋಡ್ ತಿದ್ದಬೇಕಿದೆ, ಅದನ್ನು ನವೆಂಬರ್‌ನಲ್ಲಿ ಕೊಯ್ಲು ಶುರುವಾಗುವ ಮೊದಲು ಮುಗಿಸುವೆನು.